ಕಿರುಹೂವೆಲೆ, ಎರಡು ಅಂಕ

ಏಪ್ರಿಲ್ ತಿಂಗಳ ಮೈಸೂರು. ಮೌಲ್ಯಮಾಪನದ ಕೊಠಡಿ.
ಫ್ಯಾನು ಸುತ್ತುವುದಕ್ಕಿಂತ ಕಿರುಗುಡುವುದೇ ಹೆಚ್ಚು.
ಎಂಟರ ರೈಲಿಗೆ ಮಂಡ್ಯ ಬಿಟ್ಟವಳು
ಹನ್ನೊಂದಕ್ಕೆ ಹದಿನಾಲ್ಕು ಮುಗಿಸಿದ್ದೆ,
ಕೆಂಪು ಪೆನ್ನು ಎರಡನೆಯದು.

ಪ್ರಶ್ನೆ: ಹೂವೆಲೆ, ಕಿರುಹೂವೆಲೆ, ವ್ಯತ್ಯಾಸವೇನು?
ಕೀ ಉತ್ತರ ಪಕ್ಕದಲ್ಲೇ ಇದೆ, ಪಿನ್ನು ಹೊಡೆದು:
ಯಾವ ಎಲೆಯ ಕಂಕುಳಲ್ಲಿ ಹೂ ಹುಟ್ಟುವುದೋ ಅದು ಹೂವೆಲೆ. ಒಂದು ಅಂಕ.
ಹೂವಿನ ತೊಟ್ಟಿನ ಮೇಲೇ ಕೂತ ಸಣ್ಣದು ಕಿರುಹೂವೆಲೆ. ಒಂದು ಅಂಕ.
‘ಕಂಕುಳು’ ಇಲ್ಲದಿದ್ದರೆ ಅರ್ಧ ಕಳೆಯಿರಿ.

ಹೆಚ್ಚಿನವರು ಎಸಳು ಎಂದು ಬರೆದಿದ್ದರು.
ಕೆಲವರು ಪುಷ್ಪಪತ್ರಕ್ಕೆ ಹೋಗಿದ್ದರು;
ಅದು ಮೊಗ್ಗಿನ ಹೊದಿಕೆ, ಇನ್ನೊಂದು ಮಹಡಿ ಮೇಲೆ.
ಒಬ್ಬರಂತೂ ಹೂಕೋಸಿನ ಚಿತ್ರ ಬರೆದು ಬಣ್ಣ ತುಂಬಿದ್ದರು.
ಬೈದುಕೊಳ್ಳಲಿಲ್ಲ. ಹೂ ಅಂದರೆ ಕಣ್ಣು ಎಸಳಿಗೇ ಹೋಗುತ್ತದೆ,
ಬುಡದ ಹಸಿರನ್ನು ಯಾರು ಕೇಳುತ್ತಾರೆ
ಪರೀಕ್ಷೆಯವರನ್ನು ಬಿಟ್ಟು?

ಹದಿನೈದನೆಯದರಲ್ಲಿ ಹೀಗಿತ್ತು, ಅಕ್ಷರ ಬಲಕ್ಕೆ ವಾಲಿ:

“ನಮ್ಮ ಹೊಲದಲ್ಲಿ ಕನಕಾಂಬರ ಇದೆ. ತೆನೆಯಲ್ಲಿ ಒಂದೊಂದು ಹೂವಿಗೂ
ಒಂದು ಅಗಲ ಎಲೆ, ಅದು ಚಾಪೆ. ಒಳಗೆ ಅತ್ತ ಇತ್ತ
ಎರಡು ಕಡ್ಡಿಯಂಥವು, ಅವು ದಿಂಬು.
ನಮ್ಮವ್ವ ಅನ್ನೋದು, ಕೂಸು ಹೊರಳ್ದಂಗೆ ಮಡಗವ್ನೆ.
ಚಾಪೆ ಹೂವೆಲೆ. ದಿಂಬು ಕಿರುಹೂವೆಲೆ.”

ಅಷ್ಟೆ. ಕೆಳಗೆ ಒಂದು ಗೆರೆ, ಸ್ಕೇಲಿಟ್ಟು ಎಳೆದದ್ದು.

ಕಂಕುಳು ಹುಡುಕಿದೆ. ಇಲ್ಲ.
ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಒಬ್ಬಳು;
ಇಲ್ಲಿ ಕೂಸಿದೆ, ಹೊರಳದಂತೆ ಮಲಗಿದೆ,
ನಾನು ಕಂಕುಳು ಹುಡುಕುತ್ತಿದ್ದೇನೆ.

ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದ ಮಾತು.
ಮೊದಲು ಬ್ರ್ಯಾಕ್ಟಿಯೋಲು, ಆಮೇಲೆ ಉಪಪತ್ರಕ, ಈಗ ಕಿರುಹೂವೆಲೆ.
ಹೆಸರು ಬದಲಾದಾಗಲೆಲ್ಲ ನೋಟ್ಸು ತಿದ್ದಿದೆ,
ಒಂದು ಸಲವೂ ಎರಡು ಬೆರಳಲ್ಲಿ ತೆನೆ ಬಿಡಿಸಿ ತೋರಿಸಲಿಲ್ಲ.

ಊಟದ ಬಿಡುವಲ್ಲಿ, ಗೇಟಿನಾಚೆ, ಬುಟ್ಟಿಯವಳ ಹತ್ತಿರ
ಒಂದು ಮೊಳ ಕೊಂಡೆ. ಮುಡಿಯಲಿಕ್ಕಲ್ಲ.
ಬಾಳೆನಾರಿನ ಗಂಟುಗಂಟಿಗೂ ಬಗ್ಗಿ ನೋಡಿದೆ:
ಸೂಜಿಯಂಥ ಕೊಳವೆ, ತುದಿಗೆ ಕಿತ್ತಳೆ ಬಣ್ಣದ ಬೀಸಣಿಗೆ.
ಚಾಪೆಯಿಲ್ಲ. ದಿಂಬಿಲ್ಲ.
ಮೈಸೂರಿಗೆ ಬರುವುದು ಹೂ ಮಾತ್ರ.
ಮಿಕ್ಕದ್ದು ಗಿಡದಲ್ಲೇ ಒಣಗಿ ಗರಿಗರಿಯಾಗಿ
ಬೀಜ ಕಾಯುತ್ತದೆ, ಎಂಜಲು ತಾಗಿಸಿದರೆ ಪಟ್ಟೆಂದು ಸಿಡಿಯುವ ಬೀಜ.
ಸ್ಕೂಲಲ್ಲಿ ಮುಂದಿನ ಬೆಂಚಿನವಳ ಜಡೆಗೆ ಸಿಡಿಸುತ್ತಿದ್ದೆವು.
ಎಂಥ ಸಸ್ಯಶಾಸ್ತ್ರ, ಮರೆತೇಹೋಗಿತ್ತು.

ವಾಪಸು ಬಂದು ಪತ್ರಿಕೆ ಮಗುಚಿದೆ.
ಮೊದಲ ಪುಟ ಹರಿದು ಆಗಲೇ ಎಲ್ಲೋ ಕಟ್ಟಿಟ್ಟಿದ್ದಾರೆ,
ಹೆಸರು, ಊರು, ಕಾಲೇಜು.
ಉಳಿದದ್ದು ಒಂಬತ್ತು ಅಂಕಿ.
ಪಾಂಡವಪುರವೋ, ಕೆ.ಆರ್. ಪೇಟೆಯೋ, ಹುಡುಗಿಯೋ ಹುಡುಗನೋ,
ಕತ್ತಲಲ್ಲೆದ್ದು ಹೂ ಬಿಡಿಸಿ, ಮೊದಲ ಬಸ್ಸಿಗೆ ಹಾಕಿ,
ಆಮೇಲೆ ಪೆನ್ನು ಹಿಡಿದ ಕೈಯೋ.
ಕನಕಾಂಬರಕ್ಕೆ ವಾಸನೆಯಿಲ್ಲ. ಕಾಗದ ಮೂಸಿದರೂ ತಿಳಿಯದು.

ಎರಡು ಕೊಟ್ಟೆ.

ಹಸಿರು ಪೆನ್ನಿನ ಪುಟ್ಟಮಾದಯ್ಯನವರು ಬಂದರು.
“ಕಂಕುಳು ಎಲ್ಲಿ ಮೇಡಂ?”
“ಚಾಪೆ ಅಂದಿದೆಯಲ್ಲ ಸಾರ್.”
ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.
“ನಮ್ಮ ಮನೇಲೂ ಹಾಕಿದ್ರು ಈ ಹೂವ,” ಅಂದರು,
ಒಂದೂವರೆ ಮಾಡಿದರು.
“ಏನ್ಮಾಡೋದು, ಕೀಲಿ ಹಂಗೈತೆ.”

ಮುಂದಿನ ಮೇಜಿಗೆ ಹೋದವರು ತಿರುಗಿ ಕೇಳಿದರು,
“ಅಲ್ಲಮ್ಮ, ಮಡಗವ್ನೆ ಅಂತಾಳಲ್ಲ ಅವ್ರವ್ವ,
ಯಾರು ಮಡಗಿರೋದು?”

ಹದಿನಾರನೆಯದು ಬಿಚ್ಚಿದೆ.
ಎಸಳು ಎಂದು ಬರೆದಿತ್ತು.