ನಿಮಿಷಕ್ಕೆ ಮೂವತ್ತೈದು

ಮೊದಲ ಸಲ ಶಹ್ಲಾ ಬಿದ್ದಾಗ
ಹಗ್ಗ ನನ್ನ ಕೈಯಲ್ಲೇ ಇತ್ತು.
ಬರ್ಕಾದ ಮರಳು ಅಂಗಳ, ಬೆಳಗಿನ ಆರೂವರೆ.
ಎಡವಲಿಲ್ಲ, ಬೆದರಲಿಲ್ಲ.
ಯಾರೋ ಒಳಗಿನ ಸ್ವಿಚ್ಚು ಒತ್ತಿದ ಹಾಗೆ
ನಾನೂರು ಕಿಲೋ ಹೆಣ್ಣುಕುದುರೆ
ಗೂಟ ಕಿತ್ತ ಡೇರೆಯಾದಳು.

ತಿಜಾನಿ ಬಿಸಿಲೆಂದ. ಯಜಮಾನರು ಕಣ್ದೃಷ್ಟಿಯೆಂದು
ಕೊರಳಿಗೆ ಬೆಳ್ಳಿ ತಾಯಿತ ಕಟ್ಟಿಸಿದರು.
ನಾನು ದವಡೆಯಂಚಿನ ನಾಡಿಗೆ ಬೆರಳಿಟ್ಟೆ,
ಕುಣಿಗಲ್ ಫಾರಮ್ಮಿನಲ್ಲಿ ಅಪ್ಪ ಕಲಿಸಿದಂತೆ.
ಒಂದು ಬಡಿತ.
ಆಮೇಲೆ ನನ್ನದೇ ಉಸಿರು, ಒಂದು ನೊಣ,
ಪಕ್ಕದ ಖರ್ಜೂರದ ತೋಟದಲ್ಲಿ ಪಂಪು ಶುರುವಾದದ್ದು,
ಆಮೇಲೆ
ಇನ್ನೊಂದು.
ನಿಮಿಷಕ್ಕೆ ಹದಿನಾಲ್ಕು.

ಡಾಕ್ಟರ್ ರಾವಿಯಾ ಕಾಗದದ ಸುರುಳಿ ಬಿಚ್ಚಿ ತೋರಿಸಿದರು:
ಮೇಲಿನ ಕೋಣೆ ಕರೆಯುತ್ತಲೇ ಇದೆ,
ಕೆಳಗಿನದಕ್ಕೆ ಕೇಳಿಸುತ್ತಿಲ್ಲ.
ದಿನಾ ಊರಿಗೆ ಫೋನು ಮಾಡುವವನಿಗೆ
ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ನಿಲ್ಲಿಸಿಕೊಂಡೇ ಮಾಡಿದರು.
ಮತ್ತಿನ ತಲೆಯ ಭಾರವೆಲ್ಲ ನನ್ನ ಹೆಗಲಿಗೆ,
ಜೊಲ್ಲು ನನ್ನ ಅಂಗಿಯ ಜೇಬಿಗೆ.
ಕತ್ತಿನ ರಕ್ತನಾಳದಲ್ಲಿ ತಂತಿ ಇಳಿಯಿತು;
ಪರದೆಯ ಬೂದು ಮಬ್ಬಿನೊಳಗೆ
ದಾರಿ ಕೇಳಿಕೊಂಡು ಹೋಗುವ ಎರೆಹುಳು.

ಪೇಸ್‌ಮೇಕರ್ ಹೊಸದಲ್ಲ.
ಸತ್ತವರೊಬ್ಬರ ಎದೆಯಿಂದ ತೆಗೆದು, ಶುದ್ಧಮಾಡಿ
ಪ್ರಾಣಿಗಳಿಗೆಂದು ಮನೆಯವರು ಕೊಟ್ಟದ್ದಂತೆ.
ಯಾರು, ಎಲ್ಲಿಯವರು, ಕೇಳಿದೆ.
ಅದು ಬರೆದಿರಲಿಲ್ಲ.
ಅರವತ್ತಕ್ಕೆ ಇಟ್ಟಿತ್ತು, ಮನುಷ್ಯರ ಅವಸರ.
ಡಾಕ್ಟರು ಮೂವತ್ತೈದಕ್ಕೆ ಇಳಿಸಿದರು.
ಆ ಪುಣ್ಯಾತ್ಮ ಯಾರೇ ಇರಲಿ,
ಬದುಕಿದ್ದಾಗ ಇಷ್ಟು ನಿಧಾನ ಕಂಡಿರಲಾರ.

"ಓಡುತ್ತಾಳಾ?" ಅಂದರು ಯಜಮಾನರು.
"ಇರುತ್ತಾಳೆ," ಅಂದರು ಡಾಕ್ಟರು.
ಅವರು ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತ ನಿಂತರು, ಬಹಳ ಹೊತ್ತು.
ಕೊನೆಗೆ, ಮೇವು ತರಿಸು ಎಂದರು.
ಇಲ್ಲಿ ಗತ್ತ್ ಅನ್ನುತ್ತಾರೆ. ನಮ್ಮ ಕಡೆ ಕುದುರೆಮೆಂತ್ಯ.

ಈಗ ರಾತ್ರಿಪಾಳಿ ನನ್ನದು.
ಮೆಲ್ಲುವ ಸದ್ದು, ಏಸಿಯ ಗೊರಗೊರ.
ಕತ್ತಿನ ಬುಡದಲ್ಲಿ ಬೆಂಕಿಪೆಟ್ಟಿಗೆಯಷ್ಟು ಉಬ್ಬು;
ಬಂದವನೇ ಅದಕ್ಕೆ ನಮಸ್ಕಾರ ಹಾಕುತ್ತೇನೆ.
ತಿಜಾನಿ ನಗುತ್ತಾನೆ, ನಗಲಿ.

ನಿನ್ನೆ ಆಚೆ ಲಾಯದ ಗಂಡು ಕೆನೆಯಿತು.
ಇವಳ ಕಿವಿ ನಿಮಿರಿತು, ಹೊಳ್ಳೆ ಅರಳಿತು,
ಮೇವು ಬಾಯಲ್ಲೇ ನಿಂತಿತು.
ಬೆರಳಿಟ್ಟು ನೋಡಿದೆ:
ಅದೇ ಮೂವತ್ತೈದು.
ಉಬ್ಬಿಗೆ ಬಾಯಿ ಹತ್ತಿರ ತಂದು ಹೇಳಿದೆ,
ಇನ್ನೊಂದೆರಡು ಜಾಸ್ತಿ ಹೊಡಿಯಣ್ಣ,
ಯಾರಿಗೂ ಗೊತ್ತಾಗಲ್ಲ.