ದಪ್ಪ ಗಾಳಿ

ಮಸೇರುವಿನಲ್ಲಿ ಗಾಳಿ ತೆಳು.
ಮುಟ್ಟಿದರೆ ಸಾಕು, ಶಟಲ್ ಹಾರಿ
ಗೆರೆ ದಾಟಿ, ಹಿಂಗೋಡೆಗೆ ಪೇರಿಸಿಟ್ಟ
ಪ್ರಾರ್ಥನೆಯ ಕುರ್ಚಿಗಳ ಸಂದಿಯಲ್ಲಿ ಹೋಗಿ ಕೂರುತ್ತದೆ.
ಅದಕ್ಕೇ ನಾವು ಮೆಲ್ಲಗೆ ಹೊಡೆಯಲು ಕಲಿತವರು,
ಮಲಗಿದ ಕೂಸಿನ ಮೇಲಿಂದ ನೊಣ ಓಡಿಸುವ ಹಾಗೆ.

ಭಾನುವಾರ ಆ ಹಾಲು ಚರ್ಚಿನದು.
ಉಳಿದ ಸಂಜೆ, ಕರೆಂಟಿದ್ದರೆ, ರಾಷ್ಟ್ರೀಯ ತಂಡದ್ದು.
ರಾಷ್ಟ್ರೀಯ ತಂಡವೆಂದರೆ ನಾವು ನಾಲ್ವರು:
ಜೀನ್ಸ್ ಫ್ಯಾಕ್ಟರಿಯಲ್ಲಿ ಜಿಪ್ಪು ಕೂರಿಸುವ ಎನ್‌ತೊಫೀಲಾ,
ಅದೇ ಸಾಲಿನಲ್ಲಿ ಗುಂಡಿ ಹಾಕುವ ನಾನು,
ಸೆಆಬಾತಾ (ಟ್ಯಾಕ್ಸಿ ಅವನ ಚಿಕ್ಕಪ್ಪನದು, ಸಾಲ ಅವನದು),
ಮತ್ತೆ ಶಾಲೆ ಮುಗಿಯದ ತ್ಲೊತ್ಲಿಸೊ,
ಬೂಟಿನ ತುದಿಗೆ ಬಟ್ಟೆ ತುರುಕಿ ಆಡುವವನು.
ಕೋಚ್ ಮೊಲೆಲೆಕೊವಾ ಅಂಚೆ ಕಚೇರಿಯಿಂದ ನಿವೃತ್ತರು.
ಗರಿಯ ಶಟಲ್ಲು ಎಣಿಸಿ ಕೊಡುತ್ತಾರೆ, ಎಣಿಸಿ ಇಸಕೊಳ್ಳುತ್ತಾರೆ,
ಸ್ಟಾಂಪು ಎಣಿಸಿದ ಬೆರಳು ಅದು.
ಬಾಗಿದ ಗರಿಗೆ ಕೆಟಲ್ಲಿನ ಹಬೆ ಹಿಡಿದು
ಉಗುರಿನಿಂದ ನೀವಿ ನೀವಿ ನೆಟ್ಟಗೆ ಮಾಡುತ್ತಾರೆ.

ಮಳೆ ಬಂದರೆ ತಗಡು ಸೋರಿ ಅಂಕಣದ ನಡುವೆ ಬಕೆಟ್ಟು.
ಬೈಯುವ ಹಾಗಿಲ್ಲ.
ನಮ್ಮಲ್ಲಿ ಮಳೆಗೆ ಪುಲಾ ಅನ್ನುತ್ತೇವೆ,
ಗೆದ್ದವರಿಗೆ ಕೂಗುವುದೂ ಅದನ್ನೇ.
ಬಕೆಟ್ಟಿನ ಸುತ್ತ ಆಡುತ್ತೇವೆ.

ಎರಡು ದಿನದ ಕೂಲಿ ಬಿಟ್ಟು ಡರ್ಬನ್ನಿಗೆ ಹೊರಟೆವು.
ಗಡಿಯಲ್ಲಿ ಅಧಿಕಾರಿ ಕೇಳಿದ, "ಯಾವ ಆಟ?"
ಹೇಳಿದೆವು.
"ಅದು ಚೀನಾದವರದಲ್ಲವೇ?"
"ಠಸ್ಸೆ ಒತ್ತಿ ಯಜಮಾನರೇ," ಅಂದ ಸೆಆಬಾತಾ,
"ನಮಗೂ ಆ ಅನುಮಾನ ಇದೆ."

ಇಳಿದಂತೆಲ್ಲ ಕಿವಿ ಕಟ್ಟಿತು.
ಹೊದ್ದ ಕಂಬಳಿ ಒಂದೊಂದೇ ಮಡಿಲಿಗೆ ಬಂತು.
ನಡುರಾತ್ರಿ ಸಮುದ್ರ ಕಂಡಿತು, ಅಥವಾ ಕಾಣಲಿಲ್ಲ:
ಊರಿನ ದೀಪಗಳು ಮುಗಿಯುವ ಜಾಗ, ಅಷ್ಟೇ.

ಬೆಳಿಗ್ಗೆ ನಾನೂ ಸೆಆಬಾತಾನೂ ಮಿಕ್ಸೆಡ್ ಡಬಲ್ಸ್ ಸೋತೆವು.
ಹದಿನೆಂಟು ನಿಮಿಷ. ಅದರ ಕತೆ ಬೇಡ.
ತಪ್ಪು ನಮ್ಮದೇ ಅಂದುಕೊಂಡಿದ್ದೆವು,
ಗಾಳಿಯದು ಅಂತ ಯಾರಿಗೆ ಗೊತ್ತು.

ಎನ್‌ತೊಫೀಲಾ ಎಂದರೆ 'ಬರೀ ಒಂದು ವಸ್ತು'.
ಮುಂಚಿನ ಮೂರನ್ನು ಮಣ್ಣಿಗೆ ಕೊಟ್ಟ ತಾಯಿ
ಸಾವಿನ ಕಣ್ಣು ತಪ್ಪಿಸಲು ಇಟ್ಟ ಹೆಸರು.
ಮೈಕಿನವನು ಅದರ ಮೇಲೆ ಎರಡು ಸಲ ಎಡವಿ
ಮೂರನೇ ಸಲ "ಲೆಸೊಥೊ" ಎಂದಷ್ಟೇ ಅಂದು ಮುಗಿಸಿದ.

ಮೊದಲ ಹೊಡೆತ. ಹಿಂದಿನ ಗೆರೆಗೆಂದು ಕಳಿಸಿದ್ದು
ಅರ್ಧ ದಾರಿಯಲ್ಲೇ ದಣಿದು ಕೆಳಗಿಳಿಯಿತು.
ಎದುರಿನವಳು ದ್ವೀಪದ ಹುಡುಗಿ, ಉಪ್ಪುಗಾಳಿಯಲ್ಲಿ ಬೆಳೆದವಳು,
ಇದಕ್ಕೇ ಕಾದಿದ್ದಂತೆ ಬಡಿದಳು.
ಮತ್ತೆ ಬಡಿದಳು.
ಇಪ್ಪತ್ತೊಂದು, ನಾಲ್ಕು.

ಟವೆಲ್ಲು ಕೊಟ್ಟೆ. ಮುಖ ಒರೆಸದೆ ಅಂದಳು:
"ಇಲ್ಲಿನ ಗಾಳಿ ದಪ್ಪ ಕಣೇ. ಡೆನಿಮ್ಮಿನಷ್ಟು ದಪ್ಪ."
ಆಮೇಲೆ ತನ್ನ ಬಲಗೈ ತಾನೇ ನೋಡಿಕೊಂಡಳು,
ದಿನಕ್ಕೆ ಆರುನೂರು ಸಲ
ನಾಲ್ಕು ಪದರ ಬಟ್ಟೆಯನ್ನು ಸೂಜಿಯಡಿಗೆ ನೂಕುವ ಕೈ.

ಎರಡನೇ ಗೇಮು ಅವಳು ಆಡಲಿಲ್ಲ, ಹೊಲಿದಳು.
ಈ ಮೂಲೆಯಿಂದ ಆ ಮೂಲೆಗೆ,
ಮತ್ತೆ ಬಲೆಯ ಅಂಚಿಗೆ ಸಣ್ಣದೊಂದು ಗಂಟು.
ದ್ವೀಪದ ಹುಡುಗಿ ಎರಡು ಸಲ ಸೊಂಟ ಹಿಡಿದು ನಿಂತಳು.
ತ್ಲೊತ್ಲಿಸೊ ಬೂಟು ಬಿಚ್ಚಿ ಬೆಂಚು ಕುಟ್ಟುತ್ತಿದ್ದ.
ಇಪ್ಪತ್ತೊಂದು, ಹತ್ತೊಂಬತ್ತು.
ಹತ್ತೊಂಬತ್ತು ನಮ್ಮದು.
ಮೊಲೆಲೆಕೊವಾ ಎದ್ದು ನಿಂತಿದ್ದರು, ಟೋಪಿ ಕೈಯಲ್ಲಿ,
ಪುಲಾ ಅನ್ನಲು ಬಾಯಿ ತೆರೆದು
ಸೋತವರಿಗೂ ಅನ್ನಬಹುದೇ ಎಂದು ತಿಳಿಯದೆ.

ಸೋಮವಾರ ಮತ್ತೆ ಜಿಪ್ಪು, ಮತ್ತೆ ಗುಂಡಿ.
ಸಂಜೆ ಹಾಲಿನಲ್ಲಿ ಅವಳ ಮೊದಲ ಹೊಡೆತ
ಗೆರೆ ದಾಟಿ, ಕುರ್ಚಿ ದಾಟಿ,
ಮೇಲಿನ ಒಡೆದ ಗಾಜಿನಿಂದ ಹೊರಗೇ ಹೋಯಿತು.
ಕೋಚಿನ ಲೆಕ್ಕದಲ್ಲಿ ಒಂದು ಕಡಿಮೆ.
ಹುಡುಗ ಟಾರ್ಚು ಹಿಡಿದು ಓಡಿದ.
ಅವಳು ಮಣಿಕಟ್ಟು ತಿರುವುತ್ತ ನಿಂತಿದ್ದಳು.
"ಸಮುದ್ರ ಇನ್ನೂ ಕೈಯಿಂದ ಇಳಿದಿಲ್ಲ ಕಣೇ."

ಕತ್ತಲಿನಿಂದ ತ್ಲೊತ್ಲಿಸೊ ಕೂಗಿದ:
ಸಿಕ್ಕಿತು! ಎರಡು ಗರಿ ಬಾಗಿದೆ, ಅಷ್ಟೇ!
ಮೊಲೆಲೆಕೊವಾ ಕೆಟಲ್ಲಿಗೆ ನೀರು ತುಂಬಿದರು.