ಕಾಯುವ ಗೋಡೆ

ಜಾಗ ಗೊತ್ತು ಮಾಡಿದ್ದು ನಾವಲ್ಲ, ಒಂದು ಕತ್ತೆ.
ಹೊಳೆ ದಾಟಿ ಕ್ಲಿನಿಕ್ಕಿಗೆ ಏರುವ ಹಾದಿಯಲ್ಲಿ
ಪ್ರತಿ ಸಲ ಅದು ಆ ಬಂಡೆಯ ಮರೆಗೇ ನಿಲ್ಲುತ್ತಿತ್ತು,
ಬೆನ್ನ ಮೇಲೆ ಹಿಟ್ಟಿನ ಮೂಟೆಯಿರಲಿ, ತುಂಬು ಬಸುರಿಯಿರಲಿ.
ಹೊಡೆದರೂ ಜಗ್ಗದು.
‘ಗಾಳಿ ಮರೆತ ಜಾಗ ಅದಕ್ಕೆ ಗೊತ್ತು’ ಅಂದ ಸೆಖೊನ್ಯಾನ,
ಅಲ್ಲೇ ಗೂಟ ಬಡಿದ.

ಲೆಸೊಥೊದ ಈ ಬೆಟ್ಟಕ್ಕೆ ಸಿಮೆಂಟಿನ ಲಾರಿ ಹತ್ತುವುದಿಲ್ಲ.
ಹತ್ತುವುದು ಹಿಮ, ಹೆರಿಗೆ ನೋವು, ಭಾನುವಾರದ ಬಿಯರು.
ಹಾಗಾಗಿ ಬಾಟಲಿಗೆ ಬರವಿರಲಿಲ್ಲ.
ಸವೆದ ಟೈರು ನಲವತ್ತೊಂದು ಸಿಕ್ಕವು;
ಒಂದರಲ್ಲಿ ಕೋಳಿ ಕಾವಿಗೆ ಕೂತಿತ್ತು,
ನಲವತ್ತೆಂದು ಬರೆದುಕೊಂಡೆವು.

ನಾನು ಇಲ್ಲಿಯ ನರ್ಸು. ಶನಿವಾರ ಮಧ್ಯಾಹ್ನದ ಮೇಲೆ
ಮಣ್ಣಿನಾಳು.
ಚರ್ಚಿನಲ್ಲಿ ಹಾಡುವ ಹೆಂಗಸರು ಬಂದರು, ಹಾಡದೆ ತುಳಿದರು.
ಕುರಿ ಕಾಯುವ ಹುಡುಗರು ಸಂಜೆ ಬಂದು
ಟೈರಿನೊಳಗೆ ಮಣ್ಣು ಜಡಿದರು, ಯಾರ ಮೇಲೋ ಹಗೆಯಿದ್ದ ಹಾಗೆ.
ಹಾಲೆಂಡಿನ ಯೂಸ್ಟ್ ಬಂದ,
ತನ್ನ ದೇಶದಲ್ಲಿ ಬೆಟ್ಟವೇ ಇಲ್ಲವೆಂದು ಹೇಳಿ
ಯಾರನ್ನೂ ನಂಬಿಸಲಾಗಲಿಲ್ಲ ಅವನಿಗೆ.
ಎಲ್ಲರ ಕೈಯೂ ಕೆಸರು.
ಬಾಯಿಗೆ ಮೊಸರಲ್ಲ, ಹುಳಿ ಬಂದ ಜೋಳದ ಅಂಬಲಿ.

ಗೋಡೆ ಎದೆಯೆತ್ತರಕ್ಕೆ ಬಂದ ದಿನ
ಮಲಿಸೆಮ ಬಂದಳು, ಕಂಬಳಿಯಲ್ಲಿ ಸುತ್ತಿದ ಏನನ್ನೋ
ಕೊರಡಿನಂತೆ ಇಬ್ಬರು ಮಕ್ಕಳ ಕೈಲಿ ಹೊರಿಸಿಕೊಂಡು.
ಬಿಚ್ಚಿದಳು.
ಟ್ಯಾಕ್ಸಿಯ ಮುಂದಿನ ಗಾಜು.
ನನಗೆ ಗುರುತಿತ್ತು. ಅಲ್ಲ, ಗಾಜಿನದಲ್ಲ;
ಆ ರಾತ್ರಿ ಅವಳ ಗಂಡ ನನ್ನ ಮೇಜಿನ ಮೇಲೆ
ಗಾಡಿ ಕೀಲಿ ಮುಷ್ಟಿಯಲ್ಲೇ ಹಿಡಿದು ಹೋದದ್ದು.
ಗಾಡಿ ಮುದ್ದೆಯಾಗಿತ್ತು, ಗಾಜು ಮಾತ್ರ
ಹುಲ್ಲಿನ ಮೇಲೆ ಕಳಚಿ ಬಿದ್ದು
ಆಕಾಶ ನೋಡುತ್ತಿತ್ತಂತೆ.
‘ಎರಡು ವರ್ಷ ಮಂಚದಡಿ ಇಟ್ಟೆ. ಅಲ್ಲೇನು ಕಾಣುತ್ತೆ ಅದಕ್ಕೆ’ ಅಂದಳು.

ಹಸಿಮಣ್ಣಿನಲ್ಲಿ ಗಾಜು ಕೂರಿಸಿದವನು ಯೂಸ್ಟ್.
ಕೆಳಗೆ ಬೆಂಚು, ಬೆನ್ನಿಗೆ ಬಿಸಿಲುಂಡ ಗೋಡೆ.
ಒಣಗಿದ ಮೇಲೆ ಧೂಳು ಒರೆಸಿದರೆ
ಅಂಚಿನಲ್ಲಿ ಕೆಂಪು ಅಕ್ಷರ: ಖೋತ್ಸೊ.
ಶಾಂತಿ. ತಲೆಕೆಳಗು.
ಹೊರಗಿನ ಮೈ ಒಳಗೆ, ಮೇಲಿನ ಅಂಚು ಕೆಳಗೆ.
ಮಾತಿಲ್ಲ ಯಾರಲ್ಲೂ. ಯೂಸ್ಟನ ಕಿವಿ ಕೆಂಪಾಯಿತು.
ಕೀಳೋಣವೆಂದರೆ ಗೋಡೆಯೇ ಬರುತ್ತದೆ.
ಮಲಿಸೆಮ ನೋಡಿದಳು, ನೋಡಿದಳು,
ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು:
‘ಅಂಗಿಯನ್ನೂ ಹೀಗೇ ಹಾಕುತ್ತಿದ್ದ ಮನುಷ್ಯ!’

ಸೆಗಣಿ ಬೆರೆಸಿ ಸಾರಿಸಿದರು ಹೆಂಗಸರು,
ಹಸಿ ಆರುವ ಮುನ್ನ ಫೋರ್ಕಿನ ಹಲ್ಲಿನಿಂದ
ಉತ್ತ ಹೊಲದ ಸಾಲು ಗೀಚಿದರು.
ನನಗೂ ಒಂದು ಮೂಲೆ ಕೊಟ್ಟರು.
ಸೊಟ್ಟ ಬಂತು. ಇದೆ ಇನ್ನೂ.

ಜುಲೈನ ಮೊದಲ ಹಿಮಕ್ಕೆ
ಖೌಹೆಲೊ ಎಂಬ ಹುಡುಗಿ ಒಬ್ಬಳೇ ನಡೆದು ಬಂದಳು,
ಕ್ಲಿನಿಕ್ಕಿನ ದೀಪ ಕಾಣುತ್ತಿತ್ತು, ಕಾಲು ಬರಲಿಲ್ಲ.
ಲಾಟೀನು ಹಿಡಿದು ನಾನು ಇಳಿದು ಹೋದಾಗ
ಬೆಂಚಿನ ಮೇಲೆ ಅಂಗಾತ ಮಲಗಿದ್ದಳು,
ನೋವಿಗೆ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಕಿಟಕಿಗೆ ನೆಟ್ಟು.
‘ಸಿಸ್ಟರ್, ಇಲ್ಲೇನೋ ಬರೆದಿದೆ’ ಅಂದಳು
ಎರಡು ನೋವಿನ ನಡುವೆ,
ಮತ್ತೆ ಒಂದೊಂದೇ ಅಕ್ಷರ ಕೂಡಿಸಿ
ಸರಿಯಾಗಿ ಓದಿದಳು.

ಅವಳ ಬೆನ್ನ ಕೆಳಗೆ ಕೈಯಿಟ್ಟೆ.
ಇಡೀ ಹಗಲು ಕಾದ ಗೋಡೆ
ಇನ್ನೂ ಕಾಯುತ್ತಿತ್ತು.